ಪಿಪಿಟಿ ಮೇಡಂ ಕಲಿತ ಪಾಠಗಳು

ನೇಮಕಾತಿ ಪತ್ರದಲ್ಲಿ ನನ್ನ ಹುದ್ದೆ ಇನ್‌ಸ್ಟ್ರಕ್ಷನಲ್ ಡಿಸೈನರ್. ಸ್ಟಾಫ್ ರೂಮಿನಲ್ಲಿ ಮಾತ್ರ ಬಹಳ ದಿನ ನಾನು ‘ಪಿಪಿಟಿ ಮೇಡಂ’. ಅಧ್ಯಾಪಕರು ನೋಟ್ಸ್ ಕೊಡಬೇಕು, ನಾನು ಅದನ್ನು ಚೆಂದ ಮಾಡಿ ಸ್ಲೈಡಿಗೆ ಇಳಿಸಬೇಕು, ಕೆಲಸ ಇಷ್ಟೇ ಎಂದು ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ, ಹಾಗಾಗಿ ಅವರನ್ನು ದೂರುವ ಹಕ್ಕು ನನಗಿಲ್ಲ.

ಕೋರ್ಸ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು, ಬಂತೋ ಇಲ್ಲವೋ ಎಂಬುದು ನಮಗೆ ಹೇಗೆ ತಿಳಿಯಬೇಕು, ಅದಕ್ಕಾಗಿ ತರಗತಿಯಲ್ಲಿ ಏನು ನಡೆಯಬೇಕು, ಮನೆಯಲ್ಲಿ ಏನು ನಡೆಯಬೇಕು ಎಂಬುದನ್ನು ಅಧ್ಯಾಪಕರ ಜೊತೆ ಕೂತು ಗೊತ್ತುಮಾಡುವುದು ಈ ಕೆಲಸದ ತಿರುಳು. ಪಾಠ ಮಾಡುವವರು ಅವರೇ. ನಾವು ಅದರ ಹಿಂದಿನ ಏರ್ಪಾಟು ನೋಡಿಕೊಳ್ಳುವವರು. ಇದಕ್ಕೊಂದು ಶಾಸ್ತ್ರವೂ ಇದೆ. ಅಮೆರಿಕದ ಸೈನ್ಯದ ತರಬೇತಿಗಾಗಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು 1975ರಲ್ಲಿ ರೂಪಿಸಿದ ಐದು ಹಂತಗಳ ಕ್ರಮವನ್ನು ‘ಆ್ಯಡಿ’ ಎನ್ನುತ್ತಾರೆ: ಮೊದಲು ಅಗತ್ಯದ ವಿಶ್ಲೇಷಣೆ, ಬಳಿಕ ವಿನ್ಯಾಸ, ತಯಾರಿ, ಜಾರಿ, ಕೊನೆಗೆ ಮೌಲ್ಯಮಾಪನ. ನಾನದನ್ನು ಬಾಯಿಪಾಠ ಮಾಡಿಕೊಂಡು ಹುಬ್ಬಳ್ಳಿಯ ಕಾಲೇಜೊಂದಕ್ಕೆ ಬಂದೆ. ಮೊದಲನೇ ಹಂತವನ್ನು ಬಿಟ್ಟು ನೇರ ಮೂರನೆಯದಕ್ಕೆ ಕೈಹಾಕಿದೆ. ಮುಂದಿನದೆಲ್ಲ ಅದರ ಫಲ.

1. ಸ್ಲೈಡ್ ಚೆಂದವಾದರೆ ಕೋರ್ಸ್ ಆಗುವುದಿಲ್ಲ

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಬಾಗಿಲು ಹಾಕಿದಾಗ ಎಲ್ಲರಿಗೂ ಏಕಾಏಕಿ ಆನ್‌ಲೈನ್ ಸಾಮಗ್ರಿ ಬೇಕಾಯಿತು. ಕೇಂದ್ರದ ‘ಸ್ವಯಂ’ ವೇದಿಕೆ 2017ರಿಂದ ಇತ್ತು. ವಿಡಿಯೋ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಚರ್ಚೆ ಎಂಬ ಅದರ ನಾಲ್ಕು ಭಾಗದ ಚೌಕಟ್ಟೇ ಎಲ್ಲರಿಗೂ ಮಾದರಿ. 2021ರಲ್ಲಿ ರಾಜ್ಯದ ಕಾಲೇಜು ಶಿಕ್ಷಣ ಇಲಾಖೆಯೂ ಸರ್ಕಾರಿ ಪದವಿ ಕಾಲೇಜುಗಳಿಗೆ ಎಲ್‌ಎಂಎಸ್ (ಕಲಿಕೆ ನಿರ್ವಹಣಾ ವ್ಯವಸ್ಥೆ) ತಂದಿತು. ನಾನು ಆ ಹುಮ್ಮಸ್ಸಿನ ದಿನಗಳಲ್ಲಿ ಕೆಲಸಕ್ಕೆ ಸೇರಿದವಳು. ನಾಲ್ಕು ಭಾಗ ತುಂಬಿಬಿಟ್ಟರೆ ಕೋರ್ಸ್ ಸಿದ್ಧ ಎಂದುಕೊಂಡೆ.

ನನ್ನ ಮೊದಲ ಕೋರ್ಸ್ ಬಿ.ಕಾಂ.ನ ಲೆಕ್ಕಶಾಸ್ತ್ರ. ಅದರಲ್ಲಿ ಡೆಬಿಟ್ ಎಡಗಡೆಯಿಂದ ಹಾರಿ ಬರುತ್ತಿತ್ತು, ಕ್ರೆಡಿಟ್ ಬಲಗಡೆಯಿಂದ. ನಡುವೆ ತಕ್ಕಡಿಯೊಂದು ತೂಗುತ್ತಿತ್ತು. ಪ್ರಾಚಾರ್ಯರು ಮೆಚ್ಚಿದರು, ನೋಡಲು ಬಂದ ಸಮಿತಿಯವರೂ ಮೆಚ್ಚಿದರು. ಒಂದು ತಿಂಗಳ ಮೇಲೆ ಎಲ್‌ಎಂಎಸ್‌ನಲ್ಲಿ ಯಾರು ಏನು ತೆರೆದಿದ್ದಾರೆ ಎಂದು ನೋಡಿದೆ. ಹೆಚ್ಚಿನವರು ವಿಡಿಯೋ ಮುಟ್ಟಿಯೇ ಇರಲಿಲ್ಲ, ನೇರ ಕ್ವಿಜ್‌ಗೆ ಹೋಗಿದ್ದರು. ‘1-ಬಿ, 2-ಡಿ, 3-ಎ’ ಎಂಬ ಉತ್ತರಮಾಲೆ ಆಗಲೇ ಅವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಿರುಗುತ್ತಿತ್ತು. ಚರ್ಚೆಯ ಪುಟದಲ್ಲಿ ಇದ್ದದ್ದು ಎರಡೇ ಬಗೆಯ ಮಾತು: ‘ಥ್ಯಾಂಕ್ಯೂ ಮ್ಯಾಮ್’ ಮತ್ತು ‘ಪಿಡಿಎಫ್ ಕಳಸ್ರಿ’. ತಕ್ಕಡಿಯ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ.

ಈಗ ಕಂಪ್ಯೂಟರ್ ತೆರೆಯುವ ಮೊದಲು ಹಾಳೆಯ ಮೇಲೆ ಒಂದೇ ಪ್ರಶ್ನೆ ಬರೆದುಕೊಳ್ಳುತ್ತೇನೆ: ಇದನ್ನು ಕಲಿತವನು ನಾಳೆ ಏನು ಮಾಡುತ್ತಾನೆ? ಉತ್ತರ ಸಿಗುವತನಕ ಸ್ಲೈಡ್ ಇಲ್ಲ. ಅಂದಹಾಗೆ ನನಗೆ ವಿಡಿಯೋ ಎಡಿಟಿಂಗ್ ಇವತ್ತಿಗೂ ನೆಟ್ಟಗೆ ಬರುವುದಿಲ್ಲ, ಅದರಿಂದ ದೊಡ್ಡ ನಷ್ಟವೇನೂ ಆಗಿಲ್ಲ.

2. ಹುಡುಗರು ಎಲ್ಲಿ ಕೂತು ಓದುತ್ತಾರೆ ಎಂದು ಹೋಗಿ ನೋಡಬೇಕು

ನಮ್ಮ ಮನೆ ದುರ್ಗದಬೈಲಿಗೆ ನಡೆದು ಹೋಗುವಷ್ಟು ಹತ್ತಿರ. ಸಂಜೆಯಾದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಟ್ಟೆ, ಬಳೆ, ಚಪ್ಪಲಿ, ಗಿರಮಿಟ್-ಮಿರ್ಚಿ ಗಾಡಿ, ನಡುವೆ ತೂರಿಕೊಂಡು ಹೋಗುವ ಸ್ಕೂಟರ್. ಒಮ್ಮೆ ಸೀರೆಗೆ ಫಾಲ್ ತರಲು ಹೋದ ಅಂಗಡಿಯಲ್ಲಿ ಕೌಂಟರ್ ಹಿಂದಿನ ಹುಡುಗ, “ಏನ್ ಕೊಡ್ಲಿರೀ ಅಕ್ಕಾರ” ಎಂದವನು ತಲೆಯೆತ್ತಿ ನೋಡಿ ನಾಲಗೆ ಕಚ್ಚಿಕೊಂಡ. ನಮ್ಮ ಎರಡನೇ ಸೆಮಿಸ್ಟರಿನವ. ಕಿವಿಯಲ್ಲೊಂದು ಇಯರ್‌ಫೋನ್ ಇತ್ತು. “ನಿಮ್ದ ವಿಡಿಯೋ ಹಚ್ಚೀನ್ರಿ ಮೇಡಂ” ಎಂದ. ನನ್ನನ್ನು ಮೆಚ್ಚಿಸಲು ಹೇಳಿದ್ದೆಂದು ಫೋನ್ ಇಸಿದುಕೊಂಡು ನೋಡಿದರೆ ನಿಜವೇ ಆಗಿತ್ತು. “ಅರ್ಧಕ್ಕ ಗಿರಾಕಿ ಬರ್ತಾರ್ರಿ. ಮತ್ತ ಮೊದಲಿಂದ ಹಚ್ಚಬೇಕು. ಇದು ನಿನ್ನೆದ ವಿಡಿಯೋರೀ, ಇನ್ನೂ ಮುಗಿದಿಲ್ಲ.”

ನಲವತ್ತೈದು ನಿಮಿಷದ ವಿಡಿಯೋ ಅದು. ತರಗತಿಯ ಪಿರಿಯಡ್ ಎಷ್ಟುದ್ದವೋ ವಿಡಿಯೋ ಅಷ್ಟುದ್ದ ಎಂದು ನಾನೇ ನಿಗದಿ ಮಾಡಿದ್ದು. ಮರುದಿನ ತರಗತಿಯಲ್ಲಿ, ಕಾಲೇಜು ಮುಗಿಸಿ ಕೆಲಸಕ್ಕೆ ಹೋಗುವವರು ಕೈ ಎತ್ತಿ ಎಂದಾಗ ಎದ್ದ ಕೈಗಳನ್ನು ನೋಡಿ ಅಧ್ಯಾಪಕರೂ ಬೆರಗಾದರು. ಜವಳಿ ಸಾಲ, ಬ್ರಾಡ್‌ವೇ, ಕೊಪ್ಪಿಕರ ರಸ್ತೆಯ ಮೊಬೈಲ್ ಅಂಗಡಿ, ಅಮರಗೋಳದ ಎಪಿಎಂಸಿ. ಕುಂದಗೋಳ, ಕಲಘಟಗಿ ಕಡೆಯಿಂದ ಬರುವವರಿಗೆ ಓದುವ ಹೊತ್ತೆಂದರೆ ಬಸ್ಸು. ಹುಡುಗಿಯರಲ್ಲಿ ಕೆಲವರಿಗೆ ಫೋನ್ ಸಿಗುವುದೇ ಅಣ್ಣ ಮನೆಗೆ ಬಂದ ಮೇಲೆ.

ಸರಿ, ಪರಿಹಾರ ಗೊತ್ತಿದೆಯಲ್ಲ ಎಂದು ಹಿಗ್ಗಿದೆ. ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಬರೆದ ಪ್ರಬಂಧ ಓದಿದ್ದೆ. ವಿಡಿಯೋ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ಜನ ಆರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ ಎಂಬುದು ಅದರ ಸಾರ. ನಲವತ್ತೈದು ನಿಮಿಷವನ್ನು ಆರಾರು ನಿಮಿಷಕ್ಕೆ ಕತ್ತರಿಸಿ ಹಾಕಿದೆ. ಈ ಸಲ ಇನ್ನೂ ಕೆಟ್ಟಿತು. ಸವಕಳಿಯ ಒಂದು ಲೆಕ್ಕ ಮೂರನೇ ತುಂಡಿನಲ್ಲಿ ಶುರುವಾಗಿ ನಾಲ್ಕನೆಯದರಲ್ಲಿ ಮುಗಿಯುತ್ತಿತ್ತು. ನಾನು ಕತ್ತರಿಸಿದ್ದು ಗಡಿಯಾರ ನೋಡಿ.

ಕೊನೆಗೆ ಕೆಲಸಕ್ಕೆ ಬಂದ ದಾರಿ ಬೇರೆ. ಒಂದು ತುಂಡಿಗೆ ಒಂದೇ ಪ್ರಶ್ನೆ. ಆ ಪ್ರಶ್ನೆಯೇ ತುಂಡಿನ ಹೆಸರು: ‘ಹಳೇ ಮಶೀನು ಮಾರಿದಾಗ ಬಂದ ಲಾಭವನ್ನು ಎಲ್ಲಿ ತೋರಿಸಬೇಕು?’ ಉತ್ತರ ಮೂರು ನಿಮಿಷಕ್ಕೆ ಮುಗಿದರೆ ಮೂರು, ಒಂಬತ್ತಕ್ಕಾದರೆ ಒಂಬತ್ತು. ಜೊತೆಗೆ ದನಿಯನ್ನಷ್ಟೇ ಕೇಳಿದರೂ ತಿಳಿಯುವಂತೆ ಹೇಳಬೇಕು. ‘ಇಲ್ಲಿ ನೋಡಿ, ಇದು ಇಲ್ಲಿಗೆ ಬರುತ್ತದೆ’ ಎಂದರೆ ಬಸ್ಸಿನಲ್ಲಿ ನಿಂತವನಿಗೆ ಏನೂ ಗೊತ್ತಾಗುವುದಿಲ್ಲ. ಗಿರಾಕಿ ಹೋದ ಮೇಲೆ ಎಲ್ಲಿಂದ ಹಚ್ಚಬೇಕೆಂಬುದು ಈಗ ಆ ಹುಡುಗನಿಗೆ ಗೊತ್ತು.

3. ಅಧ್ಯಾಪಕರಿಗೆ ಫಾರ್ಮ್ ಕೊಡಬೇಡಿ, ಪ್ರಶ್ನೆ ಕೇಳಿ

ಲೆಕ್ಕಶಾಸ್ತ್ರದ ಹಿರಿಯ ಅಧ್ಯಾಪಕರೊಬ್ಬರ ಬಳಿ ಉದ್ದನೆಯ ಫಾರ್ಮ್ ಹಿಡಿದುಕೊಂಡು ಹೋಗಿದ್ದೆ. ಕಲಿಯುವವರ ಹಿನ್ನೆಲೆ, ಪೂರ್ವಜ್ಞಾನ, ಉದ್ದೇಶ, ಉಪ-ಉದ್ದೇಶ, ಬೋಧನಾ ತಂತ್ರ. ಕನ್ನಡಕ ಏರಿಸಿ ಎರಡೂ ಮಗ್ಗುಲು ತಿರುವಿ ನೋಡಿದರು. “ಮೇಡಂರ, ಇದನ್ನ ತುಂಬಿ ಕೊಟ್ರ ನಿಮಗ ಏನ್ ತಿಳೀತದರಿ?” ಎಂದರು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಫಾರ್ಮ್ ಅಲ್ಲೇ ಬಿಟ್ಟು ಬಂದೆ, ವಾರದ ಮೇಲೆ ಅದು ಅವರ ಮೇಜಿನ ಮೇಲೆ ಚಹಾ ಕಪ್ಪಿನಡಿ ಕಂಡಿತು. ಮುನಿಸಿಕೊಂಡೆ ಕೂಡ.

ಆಮೇಲೊಂದು ದಿನ ಫಾರ್ಮಿನ ಹಂಗಿಲ್ಲದೆ ಸುಮ್ಮನೆ ಕೇಳಿದೆ: “ಸರ್, ಪ್ರತಿ ವರ್ಷ ಹುಡುಗರು ಎಲ್ಲಿ ಎಡವ್ತಾರ?” ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು. ವ್ಯಾಪಾರಿ ಸೋಡಿ (ಟ್ರೇಡ್ ಡಿಸ್ಕೌಂಟ್) ಮತ್ತು ನಗದು ಸೋಡಿ (ಕ್ಯಾಶ್ ಡಿಸ್ಕೌಂಟ್) ಎರಡನ್ನೂ ಹುಡುಗರು ಪುಸ್ತಕಕ್ಕೆ ಹತ್ತಿಸಿಬಿಡುತ್ತಾರೆ. ವ್ಯಾಪಾರಿ ಸೋಡಿ ಬಿಲ್ಲಿನಲ್ಲೇ ಕಳೆದುಹೋಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ, ನಗದು ಸೋಡಿ ಮಾತ್ರ ಬರುತ್ತದೆ ಎಂದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಯಾಕೆ ಎಂದರೆ ಪಠ್ಯಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿ, ಒಂದೇ ಉದಾಹರಣೆಯಲ್ಲಿ ಬರುತ್ತವೆ. ಅದಕ್ಕೇ ಅವರು ಎರಡನ್ನೂ ಬೇರೆ ಬೇರೆ ವಾರ ಕಲಿಸುತ್ತಿದ್ದರು. ಇದು ಅವರ ನೋಟ್ಸ್‌ನಲ್ಲಿ ಇರಲಿಲ್ಲ, ಲೆಸನ್ ಪ್ಲಾನ್‌ನಲ್ಲೂ ಇರಲಿಲ್ಲ. ಅಷ್ಟು ವರ್ಷದ ಉತ್ತರಪತ್ರಿಕೆ ತಿದ್ದಿ ಬಂದ ಜ್ಞಾನ ಅದು. ಸಿಲೆಬಸ್ಸಿನ ಅನುಕ್ರಮ ಬಿಟ್ಟು ಕಲಿಸುತ್ತೇನೆಂದು ಯಾರಿಗೂ ಗೊತ್ತಾಗಬಾರದೆಂದು ಬಾಗಿಲು ಹಾಕಿದ್ದರೋ ಏನೋ.

ಈ ಹುದ್ದೆಗೆ ಬೇಕಾದ ಕೌಶಲ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಸಾಫ್ಟ್‌ವೇರಿನ ಹೆಸರು ಹೇಳುವುದಿಲ್ಲ. ಹೀಗೆ ಕೇಳಲು ಬರಬೇಕು, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಬರಬೇಕು. ಎರಡನೆಯದು ನನಗೆ ಇನ್ನೂ ಕಷ್ಟ.

4. ಗುರಿಯನ್ನು ಕ್ರಿಯಾಪದದ ಪಟ್ಟಿಯಿಂದ ಆರಿಸಬೇಡಿ

2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಅಕಾರ್ಡ್‌ನ ಕಾಯಂ ಸದಸ್ಯವಾಯಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫಲಿತ ಆಧಾರಿತ ಶಿಕ್ಷಣ ಎಂಬ ಮಾತು ಎನ್‌ಬಿಎ ಮಾನ್ಯತೆಯ ಜೊತೆಗೆ ಬೇರೂರಿತು. ನ್ಯಾಕ್ ಮಾನ್ಯತೆಗಾಗಿ ಪದವಿ ಕಾಲೇಜುಗಳೂ ಈಗ ಸಿಓ (ಕೋರ್ಸಿನ ಫಲಿತ), ಪಿಓ (ಪದವಿಯ ಫಲಿತ) ಬರೆಯುತ್ತವೆ. ವಿಚಾರ ಒಳ್ಳೆಯದೇ. ನಡೆಯುವ ರೀತಿ ಮಾತ್ರ ಬಲ್ಲವರಿಗೇ ಗೊತ್ತು: ಸಮಿತಿ ಬರುವ ಹಿಂದಿನ ರಾತ್ರಿ ದೊಡ್ಡ ಕೋಷ್ಟಕ, ಯಾವುದು ಯಾವುದಕ್ಕೆ ಎಷ್ಟು ಹೊಂದುತ್ತದೆಂದು ಮನೆ ಮನೆಗೆ 1, 2, 3 ಎಂದು ಅಂಕಿ. ಎಲ್ಲ ಕಡೆ 3 ಹಾಕಿದರೆ ಅನುಮಾನ ಬರುತ್ತದೆಂದು ನಡುನಡುವೆ 2.

ನಾನು ಆ ರಾತ್ರಿಗಳ ಪರಿಣತೆಯಾಗಿದ್ದೆ. ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಕಲಿಕೆಯ ಮೆಟ್ಟಿಲುಗಳು, 2001ರ ಅದರ ಪರಿಷ್ಕರಣೆ, ಮೆಟ್ಟಿಲಿಗೊಂದರಂತೆ ಕ್ರಿಯಾಪದಗಳ ಪಟ್ಟಿ, ಎಲ್ಲವನ್ನೂ ಗೋಡೆಗೆ ಅಂಟಿಸಿಕೊಂಡಿದ್ದೆ. ‘ತಿಳಿಯುತ್ತಾರೆ’ ಎಂದಿದ್ದರೆ ಅಳಿಸಿ ‘ವಿಶ್ಲೇಷಿಸುತ್ತಾರೆ’ ಎಂದು ಬರೆದರೆ ಕೋರ್ಸ್ ಮೇಲಿನ ಮೆಟ್ಟಿಲಿಗೇರಿತು. ತರಗತಿಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಿರಲಿಲ್ಲ.

ಕಣ್ಣು ತೆರೆಸಿದ್ದು ಜಿಎಸ್‌ಟಿ ಘಟಕ. ಅಲ್ಲಿನ ಗುರಿ ‘ಜಿಎಸ್‌ಟಿಯ ರಚನೆಯನ್ನು ವಿಶ್ಲೇಷಿಸುತ್ತಾರೆ’. ಹುಡುಗರು ‘ಜಿಎಸ್‌ಟಿಯ ಲಕ್ಷಣಗಳು’ ಎಂದು ಗೈಡಿನಲ್ಲಿದ್ದ ಎಂಟು ಅಂಶ ಉರು ಹೊಡೆದು ಬರೆಯುತ್ತಿದ್ದರು. ಅಧ್ಯಾಪಕಿ ಚಿಕ್ಕ ವಯಸ್ಸಿನವರು, ಉತ್ಸಾಹಿ. ಇಬ್ಬರೂ ಕೂತು ಗುರಿಯನ್ನು ಹರಿದುಹಾಕಿ ಎರಡು ಬಿಲ್ ತಯಾರಿಸಿದೆವು. ಜವಳಿ ಸಾಲದ ಕಾಲ್ಪನಿಕ ಸಗಟು ಅಂಗಡಿ, ಎರಡರಲ್ಲೂ ಹತ್ತು ಸಾವಿರ ರೂಪಾಯಿಯ ಹತ್ತಿ ಬಟ್ಟೆ, ಶೇ. 5 ತೆರಿಗೆ. ಒಂದು ಗದಗಿನ ವ್ಯಾಪಾರಿಗೆ. ಇನ್ನೊಂದು ಕೊಲ್ಹಾಪುರದ ವ್ಯಾಪಾರಿಗೆ, ಲಾರಿಯಲ್ಲಿ ಕಳಿಸಿದ್ದು. ಗದಗ ರಾಜ್ಯದೊಳಗೆ, ಹಾಗಾಗಿ ಆ ಬಿಲ್ಲಿನಲ್ಲಿ ಕೇಂದ್ರದ ಸಿಜಿಎಸ್‌ಟಿ 250, ರಾಜ್ಯದ ಎಸ್‌ಜಿಎಸ್‌ಟಿ 250 ಇರಬೇಕು. ರಾಜ್ಯದಾಚೆಯ ಕೊಲ್ಹಾಪುರದ್ದರಲ್ಲಿ ಐಜಿಎಸ್‌ಟಿ 500. ನಾವು ಬೇಕೆಂದೇ ಎರಡನ್ನೂ ಅದಲು ಬದಲು ಮಾಡಿದ್ದೆವು. ಮೊತ್ತ ಎರಡರಲ್ಲೂ ಹತ್ತು ಸಾವಿರದ ಐನೂರೇ. ತಪ್ಪು ಎಲ್ಲಿದೆ, ಅದರಿಂದ ಯಾರಿಗೆ ತೊಂದರೆ, ಸರಿಪಡಿಸಿ ಬರೆಯಿರಿ ಎಂಬುದಷ್ಟೇ ಕೆಲಸ.

ಮೊದಲು ಎಲ್ಲರೂ ಕೂಡಿಸಿ ನೋಡಿದರು. “ಬರೋಬ್ಬರಿ ಐತಲ್ರೀ ಮೇಡಂ.” ಆಮೇಲೆ ಹಿಂದಿನ ಬೆಂಚಿನಲ್ಲಿ ಗುಸುಗುಸು. ಇಂಟರ್ನಲ್ಸ್‌ನಲ್ಲಿ ಸಾಮಾನ್ಯವಾಗಿ ಕೊನೆಗೆ ಬರುವ, ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುವ ಹುಡುಗನೊಬ್ಬ ತಪ್ಪು ಹಿಡಿದ. ಹಿಡಿದು ಸುಮ್ಮನಾಗಲಿಲ್ಲ: “ಕೊಲ್ಹಾಪುರದವರು ತಾವ ಅಂಗಡಿಗೆ ಬಂದು ರೊಕ್ಕ ಕೊಟ್ಟು ಗಂಟು ಕಟ್ಟಿಸಿಕೊಂಡು ಹೋದ್ರ ಯಾವುದ ಹಾಕಬೇಕ್ರಿ?” ಅಧ್ಯಾಪಕಿ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. “ನಾಳೆ ಕಾಯ್ದೆ ತಂದು ಓದೋಣ” ಎಂದರು. ಮರುದಿನ ಐಜಿಎಸ್‌ಟಿ ಕಾಯ್ದೆಯ 10ನೇ ಕಲಮನ್ನು ಬಿ.ಕಾಂ. ಹುಡುಗರು ಸಾಲು ಸಾಲಾಗಿ ಓದಿ ಜಗಳವಾಡಿದರು. ಸರಕು ಎಲ್ಲಿಗೆ ಪೂರೈಕೆಯಾಯಿತೆಂದು ತಿಳಿಯಬೇಕು ಎಂಬುದರ ಬಗ್ಗೆ ಇರುವ ಕಲಮು ಅದು. ಗೋಡೆಯ ಮೇಲಿನ ಪಟ್ಟಿ ಆ ವಾರವೇ ತೆಗೆದೆ. ಗುರಿಯ ಸಾಲಿನಲ್ಲಿ ಈಗ ‘ತಪ್ಪಿರುವ ಬಿಲ್ ಕೊಟ್ಟರೆ ಸರಿಪಡಿಸುತ್ತಾರೆ’ ಎಂದಿದೆ. ಕ್ರಿಯಾಪದ ಬ್ಲೂಮ್‌ನ ಯಾವ ಮೆಟ್ಟಿಲಿನದೆಂದು ನೋಡಲು ಹೋಗಿಲ್ಲ.

5. ಪರೀಕ್ಷೆ ನಮ್ಮ ಕೈಯಲ್ಲಿಲ್ಲ, ಇಂಟರ್ನಲ್ಸ್ ಇದೆ

ಇಷ್ಟೆಲ್ಲ ಮಾಡಿದ ಮೇಲೂ ಸೆಮಿಸ್ಟರ್ ಪರೀಕ್ಷೆಯಲ್ಲಿ ಬಂದದ್ದು ‘ಜಿಎಸ್‌ಟಿಯ ಲಕ್ಷಣಗಳನ್ನು ವಿವರಿಸಿ’. ಬಿಲ್ ಬರೆಯುವ ಹುಡುಗ ಅದನ್ನು ಬಿಟ್ಟುಬಂದಿದ್ದ. ಅವನೆದುರು ನಾಚಿಕೆಯಾಯಿತು. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜಿಗೆ ಪ್ರಶ್ನೆಪತ್ರಿಕೆ ಮೇಲಿನಿಂದ ಬರುತ್ತದೆ, ಅದನ್ನು ಮರೆತು ಕೋರ್ಸ್ ಕಟ್ಟಿದರೆ ಪೆಟ್ಟು ತಿನ್ನುವವರು ಹುಡುಗರು. ಈಗ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೊದಲೇ ಹರಡಿಕೊಂಡು ಕೂರುತ್ತೇವೆ. ಬಿಲ್ ತಿದ್ದಿದ ಮೇಲೆ ‘ಇದರಿಂದ ಜಿಎಸ್‌ಟಿಯ ಯಾವ ಲಕ್ಷಣ ಕಂಡಿತು, ಎರಡು ಸಾಲು ಬರೆಯಿರಿ’ ಎನ್ನುತ್ತೇವೆ. ಪೂರ್ತಿ ನಮ್ಮ ಸ್ವಾಧೀನದಲ್ಲಿರುವುದು ಇಂಟರ್ನಲ್ಸ್ ಅಂಕ. ಅದನ್ನೂ ಹಾಜರಿ ನೋಡಿ ಹಂಚಿಬಿಡುವ ಅಭ್ಯಾಸ ಇರುವಲ್ಲಿ ನಮ್ಮಂಥವರ ಮೊದಲ ಕೆಲಸ ಅದನ್ನು ಬಿಡಿಸುವುದು.

6. ಕೋರ್ಸನ್ನು ಬಿಡಿ ತುಂಡುಗಳಲ್ಲಿ ಕಟ್ಟಿ

2021ರಲ್ಲಿ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಪ್ರಕಾರ ಪದವಿ ಪಠ್ಯಕ್ರಮ ಬಂತು. 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ ಪದವಿ, ಹೊಸ ಪಠ್ಯಕ್ರಮ. ನಾನು ಒಂದಕ್ಕೊಂದು ಪೋಣಿಸಿ, ‘ಕಳೆದ ಘಟಕದಲ್ಲಿ ನೋಡಿದಂತೆ’ ಎಂದು ಪ್ರತಿ ವಿಡಿಯೋದಲ್ಲೂ ಹೇಳಿಸಿದ್ದ ಕೋರ್ಸ್ ಪೂರ್ತಿ ಮೂಲೆಗೆ ಬಿತ್ತು. ಘಟಕಗಳ ಕ್ರಮವೇ ಬದಲಾಗಿತ್ತು. ಹಿಂದುಮುಂದಿನ ಘಟಕಕ್ಕೆ ಅಂಟಿಕೊಂಡಿರದ ಬಿಲ್ಲಿನ ಅಭ್ಯಾಸ ಮಾತ್ರ ಎಲ್ಲಿಟ್ಟರೂ ನಡೆಯಿತು.

7. ಜಗಳ ಕನ್ನಡದಲ್ಲಿ ನಡೆಯಲಿ, ಉತ್ತರ ಇಂಗ್ಲಿಷಿನಲ್ಲಿ ಬರಲಿ

ನಮ್ಮ ಬಿ.ಕಾಂ. ಹುಡುಗರಲ್ಲಿ ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವವರು ಬಹಳ. ಮನಸ್ಸು ಒಂದು ಸಲಕ್ಕೆ ಹೊರುವ ಭಾರಕ್ಕೆ ಮಿತಿಯಿದೆ ಎಂದು ಜಾನ್ ಸ್ವೆಲ್ಲರ್ 1988ರಲ್ಲೇ ಬರೆದಿದ್ದಾರೆ. ಅದನ್ನು ನಾನು ಸ್ಲೈಡಿನಲ್ಲಿ ಅಕ್ಷರ ಕಡಿಮೆ ಮಾಡಲು ಬಳಸಿದೆನೇ ಹೊರತು, ಲೆಕ್ಕ ಮತ್ತು ಇಂಗ್ಲಿಷ್ ಎರಡನ್ನೂ ಒಟ್ಟಿಗೇ ಹುಡುಗರ ತಲೆಗೆ ಹೊರಿಸುತ್ತಿದ್ದೇವೆ ಎಂದು ಹೊಳೆಯಲಿಲ್ಲ. ಗುಂಪು ಚರ್ಚೆ ಇಂಗ್ಲಿಷಿನಲ್ಲೇ ಆಗಬೇಕೆಂದು ನಿಯಮ ಮಾಡಿದ್ದವಳೂ ನಾನೇ. ಆ ತರಗತಿಗಳ ಮೌನ ಇನ್ನೂ ನೆನಪಿದೆ. ಈಗ ಚರ್ಚೆ ಕನ್ನಡದಲ್ಲಿ, ಬೇಕಾದವರು ಉರ್ದು, ಮರಾಠಿಯಲ್ಲಿ. ಮುಗಿದ ಮೇಲೆ ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಲು ಹದಿನೈದು ನಿಮಿಷ ಬೇರೆ. ಪೋರ್ಶನ್ ನಿಧಾನವಾಗುತ್ತದೆ, ನಿಜ.

8. ಪಕ್ಕದ ಓಣಿಯದ್ದನ್ನೂ ಹಾಗೇ ಎತ್ತಿ ತರಬಾರದು

ಇದೇ ಊರಿನ ವಿದ್ಯಾನಗರದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ, 1947ರಲ್ಲಿ ಶುರುವಾದ ಬಿವಿಬಿ ಕಾಲೇಜಿನಿಂದ ಬೆಳೆದದ್ದು. ಎಂಜಿನಿಯರಿಂಗ್ ಶಿಕ್ಷಣದ ಸಂಶೋಧನೆಗೆಂದೇ ಅಲ್ಲೊಂದು ಕೇಂದ್ರವಿದೆ. ಮೊದಲ ವರ್ಷದವರಿಗೆ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್’ ಎಂಬ ಕೋರ್ಸ್ ಇದೆ. ತಂಡಗಳಲ್ಲಿ ಕೂತು ಒಂದು ಸಮಸ್ಯೆ ಹಿಡಿದು ಮಾದರಿ ಕಟ್ಟಿ ಕಲಿಯುತ್ತಾರೆ. ಅದರ ಬಗ್ಗೆ ಓದಿ ಮರುಳಾಗಿ ಬಿ.ಕಾಂ.ಗೂ ತಂಡದ ಪ್ರಾಜೆಕ್ಟ್ ತಂದೆ.

ನಮ್ಮ ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ನಾಲ್ಕು ಜನ ಎದುರುಬದುರು ಕೂರಲು ಸಾಧ್ಯವೇ ಇಲ್ಲ. ಮುಂದಿನ ಇಬ್ಬರು ಕತ್ತು ತಿರುಗಿಸಿ ಹತ್ತು ನಿಮಿಷ ಮಾತಾಡಿ ನೋವೆಂದು ಮುಂದೆ ತಿರುಗಿದರು. ತಂಡಕ್ಕೊಬ್ಬಳು ಹುಡುಗಿ ಪೂರ್ತಿ ವರದಿ ಬರೆದಳು, ಉಳಿದವರು ಜೆರಾಕ್ಸ್ ಖರ್ಚು ಹಂಚಿಕೊಂಡರು. ಕೆಎಲ್‌ಇಯವರಿಗೆ ತಮ್ಮ ಸಿಲೆಬಸ್, ತಮ್ಮ ಪರೀಕ್ಷೆ ತಾವೇ ಮಾಡಿಕೊಳ್ಳುವ ಸ್ವಾತಂತ್ರ್ಯವಿದೆ, ಅದಕ್ಕೆಂದೇ ತಯಾರಾದ ಅಧ್ಯಾಪಕರಿದ್ದಾರೆ. ನಾನು ಕೋರ್ಸಿನ ಹೆಸರು ನೋಡಿದ್ದೆ, ಬೆಂಚು ನೋಡಿರಲಿಲ್ಲ. ಈಗ ಇಬ್ಬಿಬ್ಬರ ಜೋಡಿ ಸಾಕು ಎಂದಿದ್ದೇವೆ. ಒಂದೇ ಬೆಂಚಿನ ಅಕ್ಕಪಕ್ಕದವರು, ಒಬ್ಬರು ಬಿಲ್ ಬರೆಯಬೇಕು, ಇನ್ನೊಬ್ಬರು ತಪ್ಪು ಹಿಡಿಯಬೇಕು.

9. ಕೋರ್ಸ್ ಅಧ್ಯಾಪಕರದ್ದು

ಒಮ್ಮೆ ಕೋರ್ಸಿನ ಮೊದಲ ಪುಟದಲ್ಲಿ ನನ್ನ ಹೆಸರು ಮೇಲೆ, ಪಾಠ ಮಾಡುವ ಅಧ್ಯಾಪಕರ ಹೆಸರು ಕೆಳಗೆ ಬಂತು. ಹಾಕಿದ್ದು ನಾನೇ. ಮುಂದಿನ ವರ್ಷ ಅವರು ಆ ಸಾಮಗ್ರಿ ಮುಟ್ಟಲಿಲ್ಲ.

ಈ ಕೆಲಸಕ್ಕೆ ಬರಬೇಕೆನ್ನುವ ಹುಡುಗ ಹುಡುಗಿಯರು ಆಗಾಗ ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಅವರಿಗೆ ಹೇಳುವುದಿಷ್ಟು: ಒಂದು ವಾರ ಯಾವುದಾದರೂ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಒಂದು ಕಟ್ಟು ಉತ್ತರಪತ್ರಿಕೆ ಓದಿ. ಆಮೇಲೂ ಬೇಕೆನಿಸಿದರೆ ಬನ್ನಿ. ಪ್ರಾಚಾರ್ಯರಲ್ಲಿ ಮತ್ತು ಆಡಳಿತ ಮಂಡಳಿಗಳಲ್ಲಿ ಒಂದು ಬಿನ್ನಹ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು ಪಾಠವಿರುತ್ತದೆ. ಅದರ ಮೇಲೆ ಪರೀಕ್ಷೆ, ಪ್ರವೇಶ, ನ್ಯಾಕ್ ಫೈಲು. ಕೋರ್ಸ್ ಹೊಸದಾಗಿ ಕಟ್ಟುವ ಸೆಮಿಸ್ಟರಿನಲ್ಲಿ ಆ ಅಧ್ಯಾಪಕರಿಗೆ ನಾಲ್ಕು ತಾಸು ಬಿಡುವು ಮಾಡಿಕೊಡಿ. ಅತಿಥಿ ಉಪನ್ಯಾಸಕರಾದರೆ ಆ ನಾಲ್ಕು ತಾಸಿಗೂ ಸಂಬಳ ಕೊಡಿ. ಅಷ್ಟು ಆಗದಿದ್ದರೆ ನನ್ನಂಥವರನ್ನು ನೇಮಿಸಿಕೊಂಡು ಪ್ರಯೋಜನವಿಲ್ಲ.